ಕೆಂಪು ದೀಪ ಆರುವ ಮೊದಲು

"ಸಾಕ ಮಾಡವಾ, ಕೈ ನೋಯ್ತಾವು," ಎಂದು ನೆರೆಮನೆಯ ಫಕೀರವ್ವ ಬೀಸಣಿಕೆ ಕಸಿಯಲು ಹೋದಳು. ಮುಮತಾಜಬಿ ಬಿಡಲಿಲ್ಲ. ತೀರಿಕೊಂಡ ಗಂಡನ ಮುಖದ ಮೇಲೆ ನೊಣ ಕೂರದಂತೆ ಬೆಳಗಿನಿಂದ ಗಾಳಿ ಹಾಕುತ್ತಲೇ ಇದ್ದಳು. ಗೌಸುಸಾಬ ಗಜೇಂದ್ರಗಡದಲ್ಲಿ ನಲವತ್ತು ವರ್ಷ ಹಾರ್ಮೋನಿಯಂ ಪೇಟಿ ರಿಪೇರಿ ಮಾಡಿದವನು. ಮಧ್ಯಾಹ್ನದ ನಮಾಜು ಆದ ಮೇಲೆ ಮಣ್ಣಿಗೆ ಒಯ್ಯುವವರಿದ್ದರು.

ಅಷ್ಟರಲ್ಲಿ ರೋಣದಿಂದ ಜಯತೀರ್ಥ ಮಾಸ್ತರರ ವ್ಯಾನು ಬಂತು. ಸಂಗೀತದ ಮಾಸ್ತರರು, ಗೌಸುಸಾಬನ ಹಳೆಯ ಗೆಳೆಯರು. ಕೈಯಲ್ಲಿ ಒಂದು ಸಿ.ಡಿ., ಒಂದು ಇಂಗ್ಲಿಷ್ ಪತ್ರ. ಎರಡೂ ಹಿಂದಿನ ದಿನವಷ್ಟೇ ಜರ್ಮನಿಯಿಂದ ಅವರ ವಿಳಾಸಕ್ಕೆ ಬಂದಿದ್ದವು. ದುಃಖದಲ್ಲಿ ಹಿಂದೆಮುಂದೆ ನೋಡದೆ ಪತ್ರವನ್ನು ಅಂಗಳದಲ್ಲೇ ಕನ್ನಡ ಮಾಡಿ ಓದಿಬಿಟ್ಟರು, ಪುಣ್ಯಾತ್ಮ!

"'ಗೌಸುಸಾಬರು ಗಾಳಿ ಹಾಕದಿದ್ದರೆ ಈ ಸಂಗೀತವೇ ಇಲ್ಲ. ಕೊನೆಯಲ್ಲಿ ಇವರು ಚರ್ಚಿನೊಳಗೆ ಮಾಡಿದ ಸಣ್ಣ ಪ್ರಾರ್ಥನೆಯನ್ನು ಅಳಿಸದೆ ಉಳಿಸಿಕೊಂಡಿದ್ದೇವೆ...'"

ಅಂಗಳದಲ್ಲಿದ್ದವರೆಲ್ಲ ಮಾಸ್ತರರತ್ತ ತಿರುಗಿದರು.

"ಏನ ಮಾಡಿದ್ನಂತ?" ಗೌಸುಸಾಬನ ಅಣ್ಣ ಜಂಗ್ಲಿಸಾಬ ಎದ್ದು ನಿಂತ. "ಚರ್ಚಿನ್ಯಾಗ ಪ್ರಾರ್ಥನಾ? ನಮ್ಮ ಗೌಸು?"

"ಹಂಗಂತ ಬರದಾರ್ರಿ..." ಮಾಸ್ತರರು ಪತ್ರವನ್ನು ಮತ್ತೊಮ್ಮೆ ನೋಡಿದರು.

"ಅಂವ ಅಲ್ಲಿಂದ ಏನಾಗಿ ಬಂದಿದ್ದ ಅನ್ನೂದರ ತಿಳೀಬೇಕಲ್ರಿ. ಅವನ ಮಣ್ಣಿನ ನಮಾಜ ಓದ್ಸಾಂವ ನಾನು!"

ಹೌದೆನ್ನುವವರು ಯಾರು, ಇಲ್ಲವೆನ್ನುವವರು ಯಾರು, ಒಂದೂ ತಿಳಿಯಲಿಲ್ಲ. ಕಿಟಕಿಯ ಒಳಗಿದ್ದ ಮುಮತಾಜಬಿಗೆ ಗಂಡ ಆ ಚರ್ಚಿನಿಂದ ತಿರುಗಿ ಬಂದ ದಿನ ನೆನಪಾಯಿತು.

*

ಅದು ಹೋದ ವರ್ಷದ ಮಾತು, 2006ರ ಬೇಸಿಗೆ. ಗೋವಾ ಕಡೆಯ ಒಂದು ಹಳೆಯ ದೊಡ್ಡ ಚರ್ಚಿನಲ್ಲಿ ಆಳೆತ್ತರದ ಕೊಳವೆಗಳ ಆರ್ಗನ್ ಇತ್ತು. ನೂರು ವರ್ಷ ಹಿಂದಿನ ಜರ್ಮನ್ ಸಂಗೀತವನ್ನು ಅದರಲ್ಲಿ ನುಡಿಸಿ ರೆಕಾರ್ಡ್ ಮಾಡಲು ಆ ದೇಶದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಗಾಳಿಯ ಮೋಟರು ಹಚ್ಚಿದರೆ ಅದರ ಗುಂಯ್ ಸದ್ದೂ ರೆಕಾರ್ಡಿಗೆ ಸೇರುತ್ತಿತ್ತು. ಹರಿದ ತಿದಿಗೆ ಚರ್ಮ ಹಚ್ಚಿ, ಕೈಯಿಂದಲೇ ಗಾಳಿ ಹಾಕುವವನು ಬೇಕೆಂದಾಗ ಮಾಸ್ತರರು ಗೌಸುಸಾಬನನ್ನು ಕಳಿಸಿದ್ದರು.

ಎಂಟು ದಿನಕ್ಕೆ ತಿರುಗಿ ಬಂದ. ಮುಖ ಬಾಡಿತ್ತು.

"ರೆಕಾರ್ಡಿನ ಕೆಂಪ ದೀಪ ಆರೂತನಕ ಬಾಯಿ ಬಿಡಬಾರ್ದು ಅಂದಿದ್ರು. ಕಡೀಕ ನನ್ನ ಬಾಯಿಂದ ಒಂದ ಮಾತ ಬಿತ್ತು. ಅಷ್ಟೂ ಕೆಡಿಸಿದ್ನೇನೋ."

"ಏನ ಮಾತ್ರಿ ಅದು?"

"ಬಿಡ, ನಾಚಿಕಿ ಬರ್ತದ."

ಅಷ್ಟೊತ್ತಿಗೆ ಕರೆಂಟು ಹೋಯಿತು. ಎಂದಿನಂತೆ ಬೀಸಣಿಕೆ ತಗೊಂಡು ಅವಳಿಗೆ ಬೀಸಿದ, ಎಂದಿನಂತೆ "ಸಾಕೇನ್ರಿ?" ಎಂದು ಚೇಷ್ಟೆ ಮಾಡಿದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳು ಸಾಕು ಅಂದವಳಲ್ಲ. ಅಂದೂ "ಇನ್ನಷ್ಟ" ಎಂದು ಕಾಡಿಸಿದಳು.

*

"ಆ ಸಿ.ಡಿ. ಹಚ್ಚಿ ಕೇಳಿದ್ರ ಆತು," ಅಂದಳು ಫಕೀರವ್ವ.

"ಸತ್ತ ಮನ್ಯಾಗ ಬಾಜಾ ಹಚ್ಚತಾರೇನ?" ಜಂಗ್ಲಿಸಾಬ ಸಿಡಿದ.

ಕಿಟಕಿಯಿಂದ ಮುಮತಾಜಬಿಯ ದನಿ ಬಂತು. "ಮನ್ಯಾಗ ಬ್ಯಾಡ. ವ್ಯಾನಿನ್ಯಾಗ ಹಚ್ಚರಿ, ಮಾಸ್ತರ. ಏನ ಅಂದಿದ್ರೂ ಅವರು ನನ್ನ ಗಂಡ."

ಮಾಸ್ತರರು ವ್ಯಾನನ್ನು ಕಿಟಕಿಯ ಮಗ್ಗುಲಿಗೆ ತಂದು ನಿಲ್ಲಿಸಿದರು. ಕೊನೆಯ ತುಣುಕು ಹಚ್ಚಿದರು. ಯಪ್ಪಾ, ಎಂಥ ಸದ್ದು! ಕಿಟಕಿಯ ಸರಳುಗಳು ನಡುಗಿದವು. ಇದು ಹಾಡೋ ಗುಡುಗೋ ಯಾರಿಗೂ ಗೊತ್ತಾಗಲಿಲ್ಲ. ತಲೆ ತಗ್ಗಿಸಬೇಕೋ ಕಿವಿ ಮುಚ್ಚಬೇಕೋ ಅದೂ ಗೊತ್ತಾಗಲಿಲ್ಲ. ಒಂದು ಸ್ವರ ಎಷ್ಟೋ ಹೊತ್ತು ನಿಂತು, ಸಣ್ಣದಾಗಿ, ಆರಿತು. ಆಮೇಲೆ ಸಿ.ಡಿ.ಯೊಳಗೆ ಯಾರೋ ಏದುಸಿರು ಬಿಟ್ಟರು. ಹಿಂದೆಯೇ ಗೌಸುಸಾಬನ ದನಿ:

"ಸಾಕೇನ್ರಿ? ಇನ್ನಷ್ಟ ಹಾಕಲೇನ್ರಿ?"

ಜಂಗ್ಲಿಸಾಬ ವ್ಯಾನಿನ ಬಾಗಿಲು ಹಿಡಿದುಕೊಂಡ. "ಇದ ಪ್ರಾರ್ಥನಾ? ಮಾತ ತಿಳೀದ ಬರದಾರ! ಕೈ ಸೋತು ಕೇಳಾಕತ್ತಾನ್ರಿ, ಹುಚ್ಚ!" ಎಂದು ನಕ್ಕ. ನಗುತ್ತಲೇ ಗಳಗಳ ಅತ್ತ. "ಏಳ್ರಿ, ನಮಾಜಿಗೆ ಹೊತ್ತಾತು."

ಒಳಗೆ ಮುಮತಾಜಬಿಯ ಕೈ ನಿಂತಿತ್ತು.

"ಸಾಕ್ರಿ," ಅಂದಳು. ಬೀಸಣಿಕೆಯನ್ನು ಗಂಡನ ಬಲಗೈ ಪಕ್ಕಕ್ಕೆ ಇಟ್ಟಳು.