ಸುರಂಗ ದಾಟಿದ ಮೇಲೂ ಚೈನು

ಹಿಮಬೆಟ್ಟಗಳ ನಡುವಿನ ಸಾಲಂಗ್ ಘಾಟಿಯ ಬುಡದ ಒಂದು ಹಳ್ಳಿಯಲ್ಲಿ ಗಂಡಸರೆಲ್ಲ ಲಾರಿ ಡ್ರೈವರುಗಳೇ. ಹಿಮ ಬೀಳಲು ಶುರುವಾಯಿತೆಂದರೆ ಹೆಂಗಸರಿಗೆ ಊಟ ಸೇರುವುದಿಲ್ಲ. ವರ್ಷಕ್ಕೆ ಒಂದು ಮನೆಯಲ್ಲಾದರೂ ಸಾವಿನ ಹಾಸು ಹಾಸುತ್ತಾರೆ, ಊರವರೆಲ್ಲ ಬಂದು ಕೂರುತ್ತಾರೆ. ಈ ಸಲ ತಾಹಿರನ ಸರದಿ.

ಅದು ಮೂರನೆಯ ದಿನ. ಗಂಡಸರ ಕೋಣೆಯಲ್ಲಿ ಹತ್ತು ಹನ್ನೆರಡು ಡ್ರೈವರುಗಳು ಗೋಡೆಗೊರಗಿ ಕೂತಿದ್ದರು. ಹಸಿರು ಚಹಾ ಮುಂದಿತ್ತು, ಯಾರೂ ಮುಟ್ಟಿರಲಿಲ್ಲ. ಬಾಗಿಲ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದವನು ನೂರಾಘಾ. ತೀರಿಕೊಂಡ ತಾಹಿರ್ ಅವನ ಅಕ್ಕ ಮಾಹ್‌ಪರಿಯ ಗಂಡ. ಆ ದಿನ ಘಾಟಿಯಲ್ಲಿ ತಾಹಿರನ ಲಾರಿಯ ಬೆನ್ನಿಗೇ ಇದ್ದದ್ದು ನೂರಾಘಾನ ಲಾರಿ. ಅಲ್ಲಿ ನಡೆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ರಜಬ್ ಕಾಕಾ ಬಂದರು. ಘಾಟಿಯ ಹಿಮ ಸರಿಸುವ ಬುಲ್ಡೋಜರ್ ಓಡಿಸುವವರು ಅವರು. ಕಮರಿಗೆ ಬಿದ್ದ ಲಾರಿಗಳನ್ನು ಮೇಲಕ್ಕೆ ಎಳೆಯುವವರೂ ಅವರೇ. ಹೆಗಲ ಮೇಲಿದ್ದ ಗೋಣಿಚೀಲವನ್ನು ನೆಲಕ್ಕಿಳಿಸಿದಾಗ ಒಳಗೆ ಕಬ್ಬಿಣ ಸದ್ದು ಮಾಡಿತು. ಹಿಮದಲ್ಲಿ ಜಾರದಂತೆ ಲಾರಿಯ ಗಾಲಿಗೆ ಸುತ್ತುವ ಸರಪಳಿ ಅದು.

"ತಾಹಿರನ ಟೈರ್ ಚೈನು. ಸೀಟಿನ ಹಿಂದೆ ಬಿದ್ದಿತ್ತು," ಎಂದರು.

ಪಕ್ಕದ ಮನೆಯ ಹಾಶಿಮ್ ಗಡ್ಡ ನೀವಿಕೊಂಡ. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದವನು, ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದುಕೊಂಡವನು.

"ಅಲ್ಲಾಹನ ಇಚ್ಛೆ ಕಾಕಾ. ಆಯಸ್ಸು ಮುಗಿದಿತ್ತು. ಚೈನ್ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

"ಆಯಸ್ಸು ಅವನ ಕೈಲಿದೆ, ಒಪ್ಕೊಂಡೆ. ಚೈನು ಯಾರ ಕೈಲಿತ್ತು?"

"ಹತ್ತೋವಾಗ ನಾವೆಲ್ಲ ಹಾಕೇ ಹಾಕ್ತೀವಲ್ಲ."

"ಹಾಕ್ತೀರಿ. ಘಾಟಿ ನೆತ್ತಿಯ ಸುರಂಗದ ಬಾಯಲ್ಲಿ ಬಿಚ್ತೀರಿ. ಅದೂ ಸರಿ, ಒಳಗೆ ಹಿಮ ಇಲ್ಲ, ಬರೀ ನೆಲದ ಮೇಲೆ ಓಡಿಸಿದ್ರೆ ಚೈನು ತುಂಡಾಗುತ್ತೆ. ಆಚೆ ಬಾಯಿಗೆ ಬಂದ್ಮೇಲೆ ಏನ್ ಮಾಡ್ತೀರಿ?"

ಹಾಶಿಮ್ ಚಹಾ ಲೋಟ ಪಕ್ಕಕ್ಕೆ ಸರಿಸಿದ.

"ಆಚೆ ಇರೋದು ಬರೀ ಇಳಿಜಾರು. ಎಂಜಿನ್ ಎಳೆಯೋದೇ ಬೇಡ. ಗಾಡಿ ತಾನಾಗೇ ಇಳಿಯುತ್ತೆ."

"ಹೌದಪ್ಪ, ತಾನಾಗೇ ಇಳಿಯುತ್ತೆ. ನನ್ನ ಹೆದರಿಕೇನೂ ಅದೇ. ಹತ್ತೋವಾಗ ಗಾಲಿ ಜಾರಿದ್ರೆ ಗಾಡಿ ಮುಂದೆ ಹೋಗಲ್ಲ, ನೀವು ಬೈಕೊಂಡು ಕೂರ್ತೀರಿ. ಇಳಿಯೋವಾಗ ಜಾರಿದ್ರೆ ತಡೆಯೋರು ಯಾರು?"

"ಬ್ರೇಕ್ ಇದೆಯಲ್ಲ."

"ಬ್ರೇಕು ಗಾಲಿ ನಿಲ್ಸುತ್ತೆ ಹಾಶಿಮ್. ಲಾರಿ ನಿಲ್ಸಲ್ಲ. ಗಾಲಿ ನಿಂತ್ಕೊಂಡೇ ಇರುತ್ತೆ, ಲಾರಿ ಹೋಗ್ತಾನೇ ಇರುತ್ತೆ. ಮಂಜುಗಡ್ಡೇನ ಕಚ್ಚಿ ಹಿಡಿಯೋದು ಚೈನು. ಈ ಚಳಿಗಾಲದಲ್ಲಿ ಏಳು ಲಾರಿ ಎಳೆದಿದೀನಿ. ಐದು ಲಾರೀಲಿ ಚೈನ್ ಇತ್ತು. ಐದರಲ್ಲೂ ಸೀಟಿನ ಹಿಂದೆ."

ಒಳಮನೆಯ ಬಾಗಿಲಿಗೆ ಕಟ್ಟಿದ್ದ ಪರದೆಯ ಹಿಂದಿನಿಂದ ಮಾಹ್‌ಪರಿಯ ದನಿ ಬಂತು. ಅತ್ತು ಅತ್ತು ಒಡೆದುಹೋಗಿದ್ದ ದನಿ.

"ಕಾಕಾ, ಅವರು ಹಂಗೆ ಬೇಜವಾಬ್ದಾರಿ ಮನುಷ್ಯ ಅಲ್ಲ. ಸುರಂಗ ದಾಟಿದ್ಮೇಲೂ ಹಾಕ್ತೀನಿ ಅಂತ ನನ್ಗೆ ಮಾತು ಕೊಟ್ಟಿದ್ರು. ಮೂರು ಚಳಿಗಾಲದಿಂದ ತಪ್ಪಿಸಿರ್ಲಿಲ್ಲ. ಅವತ್ತು ಯಾಕೆ ಹಾಕ್ಲಿಲ್ಲ?"

"ನನಗೇನು ಗೊತ್ತು ಮಗಳೇ," ಎಂದರು ಕಾಕಾ.

ನೂರಾಘಾನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಆ ಗುಟ್ಟು ಅವನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ಆದರೆ ಅಕ್ಕ ಇನ್ನು ಬದುಕಿಡೀ ಈ ಪ್ರಶ್ನೆಯನ್ನು ಗೋಡೆಗೆ ಕೇಳುತ್ತ ಕೂರುತ್ತಾಳೆ, ಗಂಡ ಕೊಟ್ಟ ಮಾತಿಗೆ ತಪ್ಪಿದ ಎಂದೇ ತಿಳಿಯುತ್ತಾಳೆ. ಅದನ್ನು ನೆನೆದಾಗ ಅವನಿಗೆ ಕೂರಲಾಗಲಿಲ್ಲ.

"ಅಕ್ಕಾ, ಭಾವ ಚೈನ್ ಹಾಕೋಕೆ ಇಳಿದಿದ್ರು."

ಕೋಣೆಯೆಲ್ಲ ಅವನತ್ತ ತಿರುಗಿತು.

"ಸುರಂಗದಿಂದ ಆಚೆ ಬಂದು ಲಾರಿ ನಿಲ್ಸಿದ್ರು. ಚೈನ್ ಹಿಡ್ಕೊಂಡು ಇಳಿದ್ರು. ಗಾಳಿ ಅಂದ್ರೆ ಗಾಳಿ. ನನ್ನ ಹಿಂದೆ ಉದ್ದಕ್ಕೂ ಲಾರಿ ಸಾಲು, ಎಲ್ಲರೂ ಹಾರ್ನ್ ಹೊಡೀತಿದ್ರು. ನಾನೂ ಹೊಡ್ದೆ."

"ಅಷ್ಟಕ್ಕೇ ಅವರು ಬಿಟ್ಬಿಟ್ರಾ?"

"ಅಷ್ಟೇ ಅಲ್ಲ ಅಕ್ಕಾ. ಕಿಟಕಿ ಇಳಿಸಿ ಕೂಗ್ದೆ. ಏನ್ ಭಾವ, ಮದುಮಗಳಿಗೆ ಕಾಲ್ಗೆಜ್ಜೆ ಕಟ್ತಿದೀರಾ, ಸಾಯಂಕಾಲದೊಳಗೆ ಮುಗಿಯುತ್ತಾ ಅಂದೆ. ಹಿಂದಿನವರೆಲ್ಲ ನಕ್ಕರು. ಭಾವನೂ ನಕ್ಕರು. ಚೈನ್ ಒಳಗೆ ಎಸೆದು ಹೊರಟ್ಬಿಟ್ರು. ಮೂರನೇ ತಿರುವಿನಲ್ಲಿ ಲಾರಿ ಹಿಂಭಾಗ ಪಕ್ಕಕ್ಕೆ ಜಾರ್ತು. ಬ್ರೇಕ್ ದೀಪ ಹತ್ಕೊಂಡೇ ಇತ್ತು, ಲಾರಿ ಹಾಗೇ ಕಮರಿಗೆ ಹೋಯ್ತು. ನಾನು ನೋಡ್ತಾನೇ ಇದ್ದೆ."

ಹೇಳಿಬಿಟ್ಟರೆ ಎದೆ ಹಗುರಾದೀತು ಎಂದುಕೊಂಡಿದ್ದ. ಆಗಲಿಲ್ಲ. ಪರದೆಯ ಆಚೆ ಯಾರೋ ಮುದುಕಿ ಬಿಕ್ಕಿದಳು. ಮಾಹ್‌ಪರಿ ಕಾಕಾರನ್ನು ಕೇಳಿದಳು.

"ಕಾಕಾ, ಚೈನ್ ಹಾಕೋಕೆ ಎಷ್ಟು ಹೊತ್ತು ಬೇಕು?"

"ಕೈ ಪಳಗಿದ್ರೆ ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷ," ಎಂದಳು ಆಕೆ. ಆಮೇಲೆ ತಮ್ಮನಿಗೆ ಹೇಳಿದಳು: "ಎದ್ದು ಹೋಗು, ಮತ್ತೆ ಈ ಹೊಸ್ತಿಲು ತುಳೀಬೇಡ ಅನ್ಬೇಕು ಅನ್ಸುತ್ತೆ ನೂರಾ. ಅನ್ನಲ್ಲ. ಆದ್ರೆ ಕ್ಷಮಿಸ್ದೆ ಅಂತಾನೂ ಅನ್ನಲ್ಲ. ನಾಡಿದ್ದು ನೀನೂ ಅದೇ ಘಾಟಿ ಹತ್ತಬೇಕು. ಇಳಿಯೋಕ್ಮುಂಚೆ ಚೈನ್ ಹಾಕು. ನಿನ್ನ ಮೇಲಿನ ಪ್ರೀತಿಗೆ ಹೇಳ್ತಿಲ್ಲ. ಇನ್ನೊಂದು ಸಲ ಈ ಹಾಸು ಹಾಸೋ ತ್ರಾಣ ನನಗಿಲ್ಲ."

ಹಾಶಿಮ್ ಗಂಟಲು ಸರಿಮಾಡಿಕೊಂಡ. ಅವನ ದನಿ ಈಗ ಇಳಿದಿತ್ತು.

"ಅಲ್ಲ ಕಾಕಾ, ಆ ಗಾಳೀಲಿ ಕೈ ಮರಗಟ್ಟುತ್ತಲ್ಲ."

"ಉಣ್ಣೆಗವಸು ಒದ್ದೆಯಾಗುತ್ತೆ, ರಬ್ಬರಿಂದು ಇಟ್ಕೊ. ಮಂಡಿ ಕೆಳಗೆ ಗೋಣಿ ಹಾಸ್ಕೊ. ಮೊದಲು ಗಾಲಿಗೆ ಕಲ್ಲು ಕೊಡು. ಎಂಜಿನ್ ತಿರುಗಿಸೋ ಹಿಂದಿನ ಗಾಲಿಗೆ ಹಾಕು, ಎರಡೂ ಕಡೆ. ಅವಸರಕ್ಕೆ ಒಂದೇ ಕಡೆ ಹಾಕಿದ್ರೆ ಲಾರಿ ಓರೆ ತಿರುಗುತ್ತೆ."

"ಆಮೇಲೆ ಹೊರಡೋದು?"

"ನೂರು ಹೆಜ್ಜೆ ಹೋಗಿ ನಿಲ್ಸು, ಸಡಿಲ ಆಗಿರುತ್ತೆ, ಇನ್ನೊಂದ್ಸಲ ಬಿಗಿ. ಮೇಲಿಂದಲೇ ಸಣ್ಣ ಗೇರಿನಲ್ಲಿ ಇಳಿ. ಬ್ರೇಕ್ ಒಮ್ಮೆಗೇ ತುಳೀಬೇಡ. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ ಹಾಶಿಮ್, ಅಹಂಕಾರ ಸ್ವಲ್ಪ ಕಮ್ಮಿ ಇದ್ರೆ ಸಾಕು."

ಎರಡು ದಿನ ಕಳೆದು ನೂರಾಘಾ ಜಲಾಲಾಬಾದಿನ ಕಿತ್ತಳೆ ತುಂಬಿಕೊಂಡು ಘಾಟಿಯಾಚೆಯ ಮಜಾರ್ ಪಟ್ಟಣಕ್ಕೆ ಹೊರಟ. ಹಿಂದಿನ ಲಾರಿ ಹಾಶಿಮನದು. ಸುರಂಗದ ಈ ಬಾಯಲ್ಲಿ ಇಬ್ಬರೂ ಚೈನ್ ಬಿಚ್ಚಿದರು. ಆ ಬಾಯಿಂದ ಹೊರಬಂದಾಗ ನಡುಮಧ್ಯಾಹ್ನವಾದರೂ ಮಬ್ಬು ಕವಿದಿತ್ತು. ರಸ್ತೆಯ ಎರಡು ಬದಿಗೂ ಆಳೆತ್ತರದ ಹಿಮ, ನಡುವೆ ಒಂದೇ ಲಾರಿಗೆ ಆಗುವಷ್ಟು ದಾರಿ. ಆದಷ್ಟು ಪಕ್ಕಕ್ಕೆ ಸರಿಸಿ ನೂರಾಘಾ ಲಾರಿ ನಿಲ್ಲಿಸಿದ. ಗಾಲಿಗೆ ಕಲ್ಲು ಕೊಟ್ಟು, ಗೋಣಿ ಹಾಸಿ ಮಂಡಿಯೂರಿದ.

ಹಾರ್ನ್ ಶುರುವಾಯಿತು. ಮೊದಲು ಹಿಂದೆಲ್ಲೋ ಒಂದು, ಆಮೇಲೆ ಹತ್ತು. ಆ ದಿನ ಭಾವನ ಬೆನ್ನಿಗೆ ಈ ಸದ್ದು ಹೇಗೆ ಬಡಿದಿರಬೇಕು ಎಂದು ಅವನಿಗೆ ಆಗ ಅರ್ಥವಾಯಿತು. ಎದ್ದು ಓಡಿಬಿಡಬೇಕು, ಹೇಗಾದರೂ ಹೊರಟುಬಿಡಬೇಕು ಎನಿಸುವಂಥ ಸದ್ದು ಅದು.

ಹಾಶಿಮ್ ಮಾತ್ರ ಹಾರ್ನ್ ಮುಟ್ಟಿರಲಿಲ್ಲ. ಇಳಿದು ಬಂದು ಚೈನಿನ ಇನ್ನೊಂದು ತುದಿ ಹಿಡಿದ. ಮೂರನೆಯ ಲಾರಿಯವನು ಬಾಗಿಲು ತೆರೆದು ಒದರಿದ: "ಏನ್ರೋ, ಇಲ್ಲೇ ಸಂಸಾರ ಹೂಡ್ತೀರಾ?"

ನೂರಾಘಾ ತಲೆಯೆತ್ತಿ ಹೇಳಿದ: "ಐದು ದಿನದ ಹಿಂದೆ ಇದೇ ಜಾಗದಲ್ಲಿ ನಾನೂ ಹೀಗೇ ಕೂಗಿದ್ದೆ ತಮ್ಮಾ. ನಾನು ಯಾರಿಗೆ ಕೂಗಿದ್ನೋ ಅವರನ್ನ ಆಮೇಲೆ ಬುಲ್ಡೋಜರ್ ತಂದು ಮೇಲಕ್ಕೆ ಎಳೆದ್ವಿ. ನನ್ನ ಅಕ್ಕನ ಗಂಡ."

ಆ ಡ್ರೈವರ್ ಒಳಕ್ಕೆ ಬಾಗಿ, ಸೀಟಿನ ಹಿಂದಕ್ಕೆ ಕೈ ಹಾಕಿ ತನ್ನ ಚೈನನ್ನು ಹೊರಗೆಳೆದ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು. ಹೊಡೆದುಕೊಳ್ಳಲಿ ಎಂದು ಮೂವರೂ ತಮ್ಮ ಕೆಲಸ ಮುಗಿಸಿದರು. ಮೂರನೆಯ ತಿರುವನ್ನು ನೂರಾಘಾ ಮೊದಲ ಗೇರಿನಲ್ಲಿ, ನಡೆದು ಹೋಗುವವನ ವೇಗದಲ್ಲಿ ದಾಟಿದ. ಲಾರಿ ಒಂದಿಷ್ಟೂ ಜಾರಲಿಲ್ಲ. ಅದನ್ನು ಕಂಡು ಅವನಿಗೆ ಸಮಾಧಾನವಾಗಲಿಲ್ಲ, ಇಷ್ಟು ಸುಲಭವಿತ್ತಲ್ಲ ಎಂದು ಸ್ಟಿಯರಿಂಗ್ ಹಿಡಿದೇ ಗೊಳೋ ಎಂದು ಅತ್ತ.

ಡ್ರೈವರಣ್ಣಂದಿರೇ, ಹಿಮದ ದಾರಿಯಲ್ಲಿ ಹತ್ತುವಾಗ ಎಷ್ಟು ಬೇಕೋ ಇಳಿಯುವಾಗಲೂ ಅಷ್ಟೇ ಚೈನು ಬೇಕು. ಬಿಚ್ಚಿದ ಚೈನನ್ನು ಸುರಂಗ ದಾಟಿದ ಮೇಲೆ ಮತ್ತೆ ಹಾಕಿ. ಯಾರು ನಕ್ಕರೂ ಹಾಕಿ. ಇನ್ನು ಸಾಲಿನಲ್ಲಿ ಹಿಂದೆ ನಿಂತಿರುವವರಿಗೆ ಒಂದು ಮಾತು. ಮುಂದಿನವನು ಮಂಡಿಯೂರಿ ಚೈನು ಕಟ್ಟುತ್ತಿದ್ದರೆ ಅವನಿಗೆ ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷವನ್ನು ಅವನಿಗೆ ಕೊಡಬೇಕಾದವರು ನೀವು. ಹಾರ್ನ್ ಮೇಲಿಂದ ಕೈ ತೆಗೆಯಿರಿ, ಇಳಿದು ಹೋಗಿ ಚೈನಿನ ಇನ್ನೊಂದು ತುದಿ ಹಿಡಿಯಿರಿ.