ದೇವಗಿರಿಯ ಅಂತರಾ

ಗ್ವಾಲಿಯರಿನ ದರ್ಬಾರು ಗಾಯಕರಾದ ಭಿಕಾಜಿಬುವಾ ಅವರ ಮನೆಗೆ ಯದುನಾಥ ಸಂಗೀತ ಕಲಿಯಲು ಬಂದಾಗ ಅವನಿಗೆ ಹನ್ನೊಂದು ವರ್ಷ. ಮುಂದಿನ ಹದಿನೆಂಟು ವರ್ಷ ಬುವಾ ಅವರ ತಂಬೂರಿ ಶ್ರುತಿ ಮಾಡಿದವನು, ಬಾವಿಯಿಂದ ನೀರು ಸೇದಿದವನು, ಕೆಮ್ಮು ಬಂದರೆ ಜ್ಯೇಷ್ಠಮಧು ತೇಯ್ದು ಕೊಟ್ಟವನು ಅವನೇ. ಆ ಮನೆತನದಲ್ಲಿ ದೇವಗಿರಿ ಬಿಲಾವಲ್ ರಾಗದ ಹಳೆಯ ಚೀಜು, ಅಂದರೆ ಕೃತಿಯೊಂದಿತ್ತು. ಕೋಟೆಯ ಮೇಲೆ ರಾಜರಿದ್ದ ಕಾಲದ್ದು ಎನ್ನುತ್ತಿದ್ದರು. ಅದರ ಮೊದಲ ಭಾಗ ಸ್ಥಾಯಿಯನ್ನು ಅವನಿಗೆ ಕಲಿಸಿದ್ದ ಬುವಾ, ಎರಡನೆಯ ಭಾಗ ಅಂತರಾವನ್ನು ಮಾತ್ರ ‘ನೋಡೋಣ’ ಎನ್ನುತ್ತ ಮುಂದೂಡುತ್ತಲೇ ಬಂದಿದ್ದರು.

ಇರ್ಷಾದ್ ಶಿಷ್ಯನಾಗಿ ಬಂದು ಮೂರೇ ವರ್ಷವಾಗಿತ್ತು. ಅರಮನೆಯ ಸಾರಂಗಿ ವಾದಕ ಮೆಹ್ತಾಬ್ ಖಾನರ ಮಗ. ಒಂದು ಬೆಳಿಗ್ಗೆ ಯದುನಾಥ ತರಕಾರಿ ಚೀಲ ಹಿಡಿದು ಬಾಗಿಲಿಗೆ ಬಂದರೆ, ಒಳಗಿನಿಂದ ಆ ಅಂತರಾ ಕೇಳಿಸಿತು. ಇರ್ಷಾದ್ ಹಾಡುತ್ತಿದ್ದ, ಬುವಾ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಯದುನಾಥ ಚೀಲವನ್ನು ಹೊಸ್ತಿಲಲ್ಲೇ ಇಳಿಸಿ, ಹಾಡು ಮುಗಿಯುವವರೆಗೆ ಅಲ್ಲೇ ನಿಂತ.

ಊಟದ ಹೊತ್ತಿಗೆ ಕೇಳಿಯೇಬಿಟ್ಟ. “ನಂಗ್ಯಾಕೆ ಹೇಳ್ಕೊಡ್ಲಿಲ್ಲ ಬುವಾ?”

“ನೀನು ಹಾಡೋವಾಗ್ಲೂ ಅಳೆದು ಸುರಿದು ಹಾಡ್ತೀಯ ಯದು. ಇನ್ನೂ ಸ್ವಲ್ಪ ಕರಗು.”

ಅಂದಿನಿಂದ ಇರ್ಷಾದನ ಎಲ್ಲವೂ ಅವನಿಗೆ ಚುಚ್ಚತೊಡಗಿತು. ಅವನು ತಡವಾಗಿ ಬಂದರೂ ಬುವಾ ಬೈಯದಿರುವುದು, ಅವನ ಪಾಲಿಗೆ ಬುವಾ ಅವರ ಹೆಂಡತಿ ಆಯಿ ಒಂದು ಇಮರ್ತಿ ಸಿಹಿ ಎತ್ತಿಡುವುದು, ಕೊನೆಗೆ ಅವನು ಗೌರವದಿಂದ ‘ಯದುಭಾವು’, ಯದು ಅಣ್ಣ, ಎಂದು ಕರೆಯುವುದು ಕೂಡ. ಒಬ್ಬನೇ ಇದ್ದಾಗ ಯದುನಾಥ ಇರ್ಷಾದನ ಹಾಗೆ ಸ್ವರ ಹೊರಳಿಸಲು ನೋಡುತ್ತಿದ್ದ. ಆಗದೆ ತನ್ನ ಗಂಟಲನ್ನೇ ಶಪಿಸುತ್ತಿದ್ದ.

ಮಹಾರಾಜರ ಹುಟ್ಟುಹಬ್ಬದ ಹಿಂದಿನ ದಿನ ಬುವಾ ಜ್ವರದಿಂದ ಮಲಗಿದರು. “ನನ್ನ ಬದಲು ಇರ್ಷಾದ್ ಹಾಡ್ಲಿ, ದೇವಗಿರಿನೇ ಹಾಡ್ಲಿ. ಬೆಳಿಗ್ಗೆ ಒಂಬತ್ತಕ್ಕೆ ದರ್ಬಾರು. ಹೋಗಿ ಹೇಳಿ ಬಾ,” ಎಂದರು.

ಯದುನಾಥ ಟಾಂಗಾ ಹಿಡಿದು ಇರ್ಷಾದನ ಮನೆಯಿದ್ದ ಹಜೀರಾಕ್ಕೆ ಹೋದ. ಮೆಹ್ತಾಬ್ ಖಾನರು ಎರಡು ದಿನದಿಂದ ಅರಮನೆಯಲ್ಲೇ ಉಳಿದಿದ್ದರು. ಮನೆಯಲ್ಲಿ ಇರ್ಷಾದ್ ಇದ್ದ. ವಿಷಯ ಕೇಳಿ ಅವನ ಮುಖ ಬಾಡಿತು.

“ನೀವು ಹಾಡ್ಬೇಕಿತ್ತು ಯದುಭಾವು. ನೀವಿದ್ದು ನಾನು ಹಾಡೋದು ಸರಿಯಾ?”

ಅದುವರೆಗೆ ನಿಜವಾದ ಸಮಯವನ್ನೇ ಹೇಳಬೇಕೆಂದಿದ್ದ ಯದುನಾಥನಿಗೆ ಈ ಕನಿಕರ ತಡೆಯಲಾಗಲಿಲ್ಲ. “ಹನ್ನೊಂದಕ್ಕೆ ಬಾ,” ಎಂದು ಹೇಳಿ ಎದ್ದುಬಿಟ್ಟ.

ಮರುದಿನ ಇರ್ಷಾದ್ ಬಾರದ್ದನ್ನು ಕಂಡು ದರ್ಬಾರಿನವರು ಗಡಿಬಿಡಿಗೊಂಡಾಗ, ಯದುನಾಥ ತಾನೇ ಮುಂದೆ ಹೋಗಿ ಕೂತ. ಹಿಂದೆ ಮೆಹ್ತಾಬ್ ಖಾನರ ಸಾರಂಗಿ. ಸ್ಥಾಯಿ ಚೆನ್ನಾಗಿಯೇ ಬಂತು. ಬಾಗಿಲಲ್ಲಿ ನಿಂತು ಒಂದೇ ಸಲ ಕೇಳಿದ ಅಂತರಾದ ಮೊದಲ ಸಾಲೂ ಬಂತು. ಎರಡನೆಯದು ಬರಲಿಲ್ಲ. ಆಗ, ಮಗನ ಅಭ್ಯಾಸದಲ್ಲಿ ಅಂತರಾ ಕೇಳಿ ಬಲ್ಲ ಖಾನರ ಸಾರಂಗಿ ಅವನಿಗಿಂತ ಕೂದಲೆಳೆಯಷ್ಟು ಮುಂದೆ ಹೋಗಿ ಸಾಲನ್ನು ಎಳೆದು ತೋರಿಸಿತು. ಅವನು ಅದರ ಬೆನ್ನು ಹಿಡಿದು ದಡ ಸೇರಿದ. ಸಭೆ ‘ವಾಹ್’ ಎಂದಿತು, ಶಾಲು ಹೊದಿಸಿದರು.

ಮೆಹ್ತಾಬ್ ಖಾನರು ಕಮಾನು ಸಡಿಲಿಸುತ್ತ ಮೆಲ್ಲಗೆ ಕೇಳಿದರು. “ನನ್ನ ಮಗನಿಗೆ ಎಷ್ಟು ಗಂಟೆ ಅಂದಿದ್ರಿ?”

“ಹನ್ನೊಂದು.”

“ಅಂದ್ಕೊಂಡೆ.”

“ಮತ್ಯಾಕೆ ನನ್ನ ಕೈ ಹಿಡಿದ್ರಿ ಖಾನ್‌ಸಾಹೇಬ್?”

“ಹಾಡೋರು ಯಾರಾದ್ರೂ ಆಗ್ಲಿ, ಸಾರಂಗಿ ಅವರ ಜೊತೆಗಿರ್ಬೇಕು. ನಿಮ್ಮ ಮೇಲಿನ ಪ್ರೀತಿಯಿಂದ ಅಲ್ಲ.”

ಯದುನಾಥ ಮನೆಗೆ ಹೋಗಿ ಬುವಾ ಅವರ ಹಾಸಿಗೆಯ ಪಕ್ಕ ಶಾಲು ಇಟ್ಟು ಎಲ್ಲವನ್ನೂ ಒಪ್ಪಿಕೊಂಡ. ಅವರು ಗೋಡೆಯ ಕಡೆ ಮಗ್ಗುಲಾದರು.

ಮೂರನೆಯ ದಿನ ಇರ್ಷಾದ್ ಬಂದ.

“ನಿಮಗೆ ಎರಡು ಬಾರಿಸ್ಬೇಕು ಅನ್ನಿಸ್ತಿತ್ತು. ಅದಕ್ಕೇ ಈ ಕಡೆ ಬರ್ಲಿಲ್ಲ,” ಎಂದ.

“ಈಗ?”

“ಈಗ್ಲೂ ಅನ್ಸತ್ತೆ. ಆದ್ರೆ ಎರಡನೇ ಸಾಲಲ್ಲಿ ನಿಷಾದ ಸ್ವರ ಕೆಡಿಸಿದ್ರಂತೆ, ನಮ್ಮ ಅಬ್ಬಾ ಹೇಳಿದ್ರು. ಬುವಾ ಅವರ ಚೀಜು ಊರಲ್ಲಿ ಹಾಗೇ ಕೆಟ್ಟು ಉಳಿಯೋದು ಬೇಡ. ಕೂತ್ಕೊಳ್ಳಿ.”

ಯದುನಾಥ ಕೂತ. ಇರ್ಷಾದ್ ಹಾಡಿ ತೋರಿಸಿದ, ಅವನು ತಪ್ಪಿದ, ಮತ್ತೆ ತೋರಿಸಿದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಆ ನಿಷಾದ ಹೇಗೋ ಜಾಗಕ್ಕೆ ಬಂದು ಕೂತಿತು.

“ಬಂತು ನೋಡಿ,” ಎಂದು ಇರ್ಷಾದ್ ಸಿಟ್ಟು ಮರೆತು ನಕ್ಕುಬಿಟ್ಟ.

ಇನ್ನೊಬ್ಬನಿಗೆ ಒಂದು ಸ್ವರ ಒಲಿದದ್ದಕ್ಕೆ ತಾನು ಯಾವತ್ತೂ ಹೀಗೆ ನಕ್ಕವನಲ್ಲ ಎಂದು ಯದುನಾಥನಿಗೆ ಹೊಳೆಯಿತು. ಆ ನಗುವಿನ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು.