ಎರಡನೇ ಮೀಟರು

ಕೆಟ್ಟು ನಿಂತ ಪಂಪು ಯಾರದೇ ಇರಲಿ, ಬಿಚ್ಚಿ ಸರಿಮಾಡಿ ಕೊಡುತ್ತಿದ್ದಳು ಅಂತ ಊರವರೆಲ್ಲ ಅವಳನ್ನು ಮೋಟಾರಕ್ಕ ಅಂತಲೇ ಕರೆಯುತ್ತಿದ್ದರು. ಐವತ್ತು ದಾಟಿದ ಹೆಂಗಸು. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ವಿದ್ಯುತ್ ಕಚೇರಿಯ ನೋಟಿಸು ಬಂದಾಗ ಅವಳು ಬೀನ್ಸ್ ಸಾಲಿಗೆ ನೀರು ತಿರುಗಿಸುತ್ತಿದ್ದಳು. ಕೈ ಒರೆಸಿಕೊಂಡು ಓದಿದಳು. ಪಂಪ್‌ಹೌಸಿನ ಎರಡನೇ ಮೀಟರು ಅನಧಿಕೃತವಂತೆ, ಹದಿನೈದು ದಿನದೊಳಗೆ ಸಂಪರ್ಕ ಕಡಿಯುತ್ತಾರಂತೆ. ದೂರು ಕೊಟ್ಟವನು ಒಡಹುಟ್ಟಿದ ತಮ್ಮ.

ಅಪ್ಪ ತೀರಿಕೊಂಡ ಮೇಲೆ ಹೊಲ ಇಬ್ಬರಿಗೂ ಸಮನಾಗಿ ಪಾಲಾಗಿತ್ತು. ಬಾವಿ ಎರಡು, ಪಂಪು ಎರಡು. ಮೀಟರುಗಳು ಮಾತ್ರ ಬದುವಿನ ಮೇಲಿನ ಒಂದೇ ಪಂಪ್‌ಹೌಸಿನ ಗೋಡೆಯಲ್ಲಿ ಅಕ್ಕಪಕ್ಕ. ಮೊದಲನೆಯದು ತನ್ನದು, ಎರಡನೆಯದನ್ನು ಅಕ್ಕ ಕಳ್ಳದಾರಿಯಲ್ಲಿ ಹಾಕಿಸಿಕೊಂಡಳು ಅನ್ನುವುದು ತಮ್ಮನ ವಾದ. ಅಕ್ಕನಿಗೆ ಪಾಲು ಹೋದದ್ದು ಅವನಿಗೆ ಇನ್ನೂ ಅರಗಿರಲಿಲ್ಲ. ಕಚೇರಿಯಲ್ಲೋ, ಹಳೆಯ ಕಡತವೇ ನಾಪತ್ತೆ.

ಮೋಟಾರಕ್ಕ ನೆಟ್ಟಗೆ ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಳು. ಆಮೇಲೆ, ವಯಸ್ಸಿನಲ್ಲಿ ಮಗಳಂತಿದ್ದ ತನ್ನ ವಕೀಲೆಯ ಎದುರು ಕೂತು ಅಸಲು ವಿಷಯ ಬಿಚ್ಚಿಟ್ಟಳು.

"ನನ್ನ ಪಂಪು ಓಡೋದು ಮೊದಲನೇ ಮೀಟರಲ್ಲಿ. ಎರಡನೇದು ಅವನ ಪಂಪಿಂದು. ಬಿರುಗಾಳಿಗೆ ಕಂಬ ಬಿದ್ದ ವರ್ಷ ಲೈನ್‌ಮನ್ ವೈರು ಅದಲುಬದಲು ಮಾಡಿಬಿಟ್ಟ. ಏಣಿ ಹಿಡಿದಿದ್ದವಳು ನಾನೇ. ಎರಡೂ ನಮ್ಮವೇ ತಾನೇ, ಇರಲಿ ಬಿಡು ಅಂದ್ರು ಅಪ್ಪ."

ವಕೀಲೆ ಕನ್ನಡಕ ತೆಗೆದು ನಕ್ಕಳು. "ಹಾಗಾದ್ರೆ ಕೇಸು ವಾಪಸ್ ತಗೊಳ್ಳಿ. ನಿಮ್ಮ ತಮ್ಮ ಕಡಿಸಲಿ. ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳ್ಕೊಳ್ತಾರೆ."

"ಅವನ ಟೊಮೆಟೊ ಹೂ ಬಿಟ್ಟಿದೆ. ಗಿಡ ಏನು ಮಾಡಿದೆ ಪಾಪ? ಬಂದು ಜಾಗ ನೋಡಿ ಅಂತ ಕೋರ್ಟಿಗೆ ಕೇಳಿ. ಅಷ್ಟು ಸಾಕು."

ಸ್ಥಳ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಹಿರಿಯ ವಕೀಲರನ್ನು ಕಮಿಷನರ್ ಅಂತ ನೇಮಿಸಿತು. ಅವರು ಬೆಳಿಗ್ಗೆಯೇ ಬಂದು, ಪ್ಯಾಂಟು ಮಡಚಿಕೊಂಡು, ಕೆಸರಲ್ಲಿ ಹೆಜ್ಜೆ ಹುಡುಕುತ್ತಾ ಪಂಪ್‌ಹೌಸು ಸೇರಿದರು. ಜೊತೆಗೆ ಕಚೇರಿಯ ಲೈನ್‌ಮನ್. ಎರಡೂ ಪಂಪು ಓಡುತ್ತಿದ್ದವು.

"ಎರಡನೇ ಮೀಟರಿನ ಫ್ಯೂಸ್ ತೆಗೆಸಿ ಸಾರ್," ಅಂದಳು ಮೋಟಾರಕ್ಕ.

"ತೆಗೆಸಿ, ತೆಗೆಸಿ. ಯಾರ ಬಂಡವಾಳ ಏನು ಅಂತ ಗೊತ್ತಾಗಲಿ," ಅಂದ ತಮ್ಮ.

ಲೈನ್‌ಮನ್ ಫ್ಯೂಸ್ ಎಳೆದ. ಮೋಟಾರಕ್ಕನ ಪೈಪಿನಲ್ಲಿ ನೀರು ಧೋ ಅಂತ ಸುರಿಯುತ್ತಲೇ ಇತ್ತು. ಬದುವಿನ ಆಚೆ ತಮ್ಮನ ಪಂಪು ಒಮ್ಮೆ ನರಳಿ ಗಪ್‌ಚುಪ್ಪಾಯಿತು. ಅವನ ಮುಖ ಸುಣ್ಣದ ಗೋಡೆಯಂತಾಯಿತು. ಕಮಿಷನರು ಇಬ್ಬರನ್ನೂ ನೋಡಿದರು, ಇನ್ನೊಂದು ಸಲ ಹಾಕಿಸಿ ತೆಗೆಸಿದರು. ಅದೇ ಫಲ.

"ಈ ಎರಡನೇ ಸಂಪರ್ಕ ಕಳ್ಳತನದ್ದು ಅಂತ ದೂರು ಕೊಟ್ಟವರು ನೀವೇ ಅಲ್ವೇನ್ರೀ?"

ತಮ್ಮ ಮೀಟರಿನತ್ತ ಕೈ ತೋರಿಸಿದ. "ಅದು... ಅಪ್ಪ ಹಾಕಿಸಿದ್ದು ಸಾರ್. ಎರಡೂ ಅಪ್ಪನೇ ಹಾಕಿಸಿದ್ದು."

"ಬರ್ಕೊಳ್ಳಿ ಸಾರ್, ಅವನ ಬಾಯಿಂದಲೇ ಬಂತು," ಅಂತ ಹೇಳಿ ಮೋಟಾರಕ್ಕ ಲೈನ್‌ಮನ್ ಕಡೆ ತಿರುಗಿದಳು. "ಫ್ಯೂಸ್ ಹಾಕಪ್ಪ, ಬಿಸಿಲು ಏರ್ತಿದೆ."

ಮುಂದಿನ ವಾಯಿದೆಯಲ್ಲಿ ತಮ್ಮ ತಕರಾರು ತೆಗೆಯಲಿಲ್ಲ. ಎರಡೂ ಸಂಪರ್ಕ ಸಕ್ರಮ, ಅವರವರ ಪಂಪಿನ ಮೀಟರು ಅವರವರ ಹೆಸರಿಗೆ ಆಗಲಿ ಅಂತ ನ್ಯಾಯಾಧೀಶರು ತೀರ್ಪು ಕೊಟ್ಟರು.

ಹೊರಗಿನ ಮೊಗಸಾಲೆಯಲ್ಲಿ ತಮ್ಮ ಹತ್ತಿರ ಬಂದ. "ಮೊದಲೇ ಗೊತ್ತಿತ್ತೇನಕ್ಕ ನಿನಗೆ?"

"ಗೊತ್ತಿಲ್ದೆ ಕೋರ್ಟು ಮೆಟ್ಟಿಲು ಹತ್ತುತೀನಾ?"

"ನೀನು ಸುಮ್ಮನಿದ್ದಿದ್ರೆ ನನ್ನ ಬೆಳೆ ನಾನೇ ಒಣಗಿಸ್ಕೊಳ್ತಿದ್ದೆ."

"ಒಣಗಿದ ಮೇಲೆ ಅದಕ್ಕೂ ನನ್ನ ಮೇಲೇ ಕೇಸು ಹಾಕ್ತಿದ್ದೆ. ಇನ್ನೊಂದು ಸಲ ಆ ಮೆಟ್ಟಿಲು ಹತ್ತೋಕೆ ನನ್ನ ಮಂಡಿ ತಡೆಯಲ್ಲ."

ತಮ್ಮ ನಗಲಿಲ್ಲ. ನೆಲ ನೋಡುತ್ತಾ ಹೇಳಿದ: "ಪಾಲಿನ ವಿಷಯಕ್ಕೆ ಸಿಟ್ಟಿತ್ತಕ್ಕ."

"ಗೊತ್ತು. ಸಿಟ್ಟಿದ್ರೆ ಮನೆಗೆ ಬಂದು ಬೈಯಿ. ನೋಟಿಸು ಕಳಿಸ್ಬೇಡ."

ವಿದ್ಯುತ್ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಒಬ್ಬರ ಅರ್ಜಿಗೆ ಇನ್ನೊಬ್ಬರ ಒಪ್ಪಿಗೆ ಬೇಕಿತ್ತು. ಒಂದೇ ಬೆಂಚಿನಲ್ಲಿ ಕೂತು ಇಬ್ಬರೂ ಸಹಿ ಹಾಕಿದರು. ಹೊರಗೆ ಬಂದಾಗ ತಮ್ಮ ಬೈಕು ತಿರುಗಿಸಿ, "ಹತ್ತು, ಮನೆಗೆ ಬಿಡ್ತೀನಿ," ಅಂದ.

ಅವಳು ಹಿಂದೆ ಕೂತಳು. ನಿಧಾನ ಓಡಿಸು, ಗುಂಡಿ ನೋಡಿ ಓಡಿಸು ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಅವನು ಹೂಂ ಅನ್ನುತ್ತಲೇ ಇದ್ದ.